ಜಗಲಿ, ಉಪ್ಪರಿಗೆ, ಶಾಲೆ: ಮನೆಯಲ್ಲೇ ಕಲಿಯೋದಕ್ಕೆ ಇನ್ನೂರು ವರ್ಷದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹಿಂದೆ ಏನೋ ಬಿದ್ದ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಅದು ನಮ್ಮಕ್ಕನ ಮಗ. ಬೆಳಗ್ಗೆ ಹನ್ನೊಂದು ಗಂಟೆ, ಬುಧವಾರ, ಎಂಟು ವರ್ಷದ ಹುಡುಗ ಮನೇಲಿದ್ದಾನೆ. ಜ್ವರ ಇಲ್ಲ, ರಜಾನೂ ಇಲ್ಲ. ಕಳೆದ ಜೂನ್‌ನಿಂದ ಅವನು ಶಾಲೆಗೆ ಹೋಗ್ತಿಲ್ಲ. ಮನೆಯಲ್ಲೇ ಕಲೀತಿದ್ದಾನೆ.

ಬೆಂಗಳೂರಲ್ಲಿ ಈ ಮಾತು ಹೇಳಿದ್ರೆ 'ಓ, ಹೋಮ್‌ಸ್ಕೂಲಿಂಗಾ' ಅಂತ ತಲೆ ಆಡಿಸ್ತಾರೆ. ನಾನು ಮಾತಾಡ್ತಿರೋದು ತ್ಯಾಮಗೊಂಡ್ಲಿನಿಂದ. ನೆಲಮಂಗಲ ತಾಲ್ಲೂಕಿನ ಹೋಬಳಿ ಊರು. ಇಲ್ಲಿ ಒಂದು ಮಗು ಶಾಲೆಗೆ ಹೋಗ್ತಿಲ್ಲ ಅಂದ್ರೆ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು ವಿಚಾರಿಸ್ತಾರೆ.

ಶುರುವಾಗಿದ್ದು ಹೀಗೆ. ಅವನು ಹೋಗ್ತಿದ್ದಿದ್ದು ಒಂದು ಖಾಸಗಿ ಶಾಲೆಗೆ, ಹೆಸರು ಬೇಡ. ಏಳು ಹತ್ತಕ್ಕೆ ವ್ಯಾನು. ಆರೂವರೆಗೆ ಎಬ್ಬಿಸಿದ್ರೆ ವಾಂತಿ. ಡಾಕ್ಟರು ನೋಡಿ ಹೊಟ್ಟೆ ಸರಿಯಾಗೇ ಇದೆ ಅಂದ್ರು. ಭಾನುವಾರ ಮಾತ್ರ ವಾಂತಿ ಇರ್ತಿರಲಿಲ್ಲ. ಒಂದು ದಿನ ಡೈರಿಯಲ್ಲಿ ಕೆಂಪು ಇಂಕಿನಲ್ಲಿ 'ಸ್ಲೋ ಲರ್ನರ್' ಅಂತ ಬರೆದು ಕಳಿಸಿದ್ರು. ಅಕ್ಕ ಅದನ್ನ ಎರಡು ಸಲ ಓದಿ, ಡೈರಿ ಮುಚ್ಚಿ, ಬೀರು ಮೇಲಿಟ್ಟಳು. 'ಇವನು ಇನ್ಮೇಲೆ ಅಲ್ಲಿಗೆ ಹೋಗಲ್ಲ' ಅಂದಳು.

ಮನೇಲಿ ಎರಡು ವಾರ ಜಗಳ. ಭಾವ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಶಿಫ್ಟು, ಅವರು ಮನೆಗೆ ಬಂದಾಗೆಲ್ಲ ಒಂದೊಂದು ಸುತ್ತು. ದೊಡ್ಡಪ್ಪ ಫೋನ್ ಮಾಡಿ 'ಇವೆಲ್ಲ ಅಮೆರಿಕದೋರ ಶೋಕಿ ಕಣಮ್ಮ, ನಮ್ಮಂಥೋರಿಗಲ್ಲ' ಅಂದ್ರು. ಅಮ್ಮ ಮಾತ್ರ ಒಂದೇ ಮಾತು ಹೇಳಿ ಎದ್ದು ಹೋದ್ರು: 'ಮನೇಲಿ ಕೂರಿಸೋದು ಅಂದ್ರೇನು ಅಂತ ನಂಗೊತ್ತು.'

ಅಮ್ಮನ ಆ ಮಾತಿಗೆ ಆಮೇಲೆ ಬರ್ತೀನಿ. ಮೊದಲು ದೊಡ್ಡಪ್ಪನ ಮಾತು. ಇದು ನಿಜವಾಗಿಯೂ ಅಮೆರಿಕದಿಂದ ಬಂದಿದ್ದಾ? ಜಾನ್ ಹೋಲ್ಟ್ ಅನ್ನೋ ಮೇಷ್ಟ್ರು 1977ರಲ್ಲಿ ಅಲ್ಲಿ ಶಾಲೆಯಿಲ್ಲದೆ ಬೆಳೆಯೋ ಮಕ್ಕಳಿಗಾಗಿಯೇ ಒಂದು ಪತ್ರಿಕೆ ಶುರುಮಾಡಿದ್ದರು. ಹೋಮ್‌ಸ್ಕೂಲಿಂಗ್ ಅನ್ನೋ ಹೆಸರು ನಮಗೆ ಅಲ್ಲಿಂದ ಬಂತು, ಒಪ್ಕೋತೀನಿ. ಕೆಲಸ ಮಾತ್ರ ನಮ್ಮಲ್ಲಿ ಅದಕ್ಕೂ ಬಹಳ ಮೊದಲಿನಿಂದಲೂ ನಡೀತಿತ್ತು.

ನಾನು ಓದಿದ್ದು ಬಿಕಾಂ. ಇತಿಹಾಸ ನನಗೆ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಆದರೆ ಲೆಕ್ಕದ ಪುಸ್ತಕ ಅಂದ್ರೆ ಆಸೆ. ಈ ವಿಷಯಕ್ಕೂ ಒಂದು ಲೆಕ್ಕದ ಪುಸ್ತಕ ಇದೆ.

1822ರ ಜೂನ್ 25ರಂದು ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಒಂದು ಆದೇಶ ಬರೆದರು. ಪ್ರತಿ ಜಿಲ್ಲೆಯ ಕಲೆಕ್ಟರೂ ತನ್ನ ಜಿಲ್ಲೆಯಲ್ಲಿ ಎಷ್ಟು ಶಾಲೆ, ಎಷ್ಟು ಮಕ್ಕಳು, ಯಾವ ಜಾತಿ, ಗಂಡೆಷ್ಟು ಹೆಣ್ಣೆಷ್ಟು ಅಂತ ಒಂದು ಪಟ್ಟಿ ತುಂಬಿ ಕಳಿಸಬೇಕು. ಕಂಪನಿ ಸರ್ಕಾರದ ಶಾಲೆಗಳು ಬರೋ ಮೊದಲು ನಮ್ಮ ಜನ ಹೇಗೆ ಕಲೀತಿದ್ದರು ಅನ್ನೋದಕ್ಕೆ ಸಿಗೋ ದೊಡ್ಡ ದಾಖಲೆ ಇದು. ಧರಂಪಾಲ್ ಅವರು ಈ ಕಾಗದಗಳನ್ನೆಲ್ಲ ಹುಡುಕಿ ತೆಗೆದು 1983ರಲ್ಲಿ 'ದಿ ಬ್ಯೂಟಿಫುಲ್ ಟ್ರೀ' ಅನ್ನೋ ಪುಸ್ತಕದಲ್ಲಿ ಅಚ್ಚು ಹಾಕಿದರು.

ನಮ್ಮ ತ್ಯಾಮಗೊಂಡ್ಲು ಈ ಲೆಕ್ಕದಲ್ಲಿ ಬರಲ್ಲ. ನಾವಾಗ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿನವರು. ಮದ್ರಾಸಿನ ಕೈಕೆಳಗಿದ್ದ ಕನ್ನಡ ಸೀಮೆ ಅಂದ್ರೆ ಮುಖ್ಯವಾಗಿ ಎರಡು: ಬಳ್ಳಾರಿ ಮತ್ತು ಕೆನರಾ. ಎರಡೂ ಕಡೆ ಮನ್ರೋ ಹಿಂದೆ ತಾವೇ ಕಲೆಕ್ಟರ್ ಆಗಿದ್ದವರು. ಆ ಎರಡು ಜಿಲ್ಲೆಯಿಂದ ಬಂದ ಉತ್ತರಗಳು ಎಷ್ಟು ಬೇರೆ ನೋಡಿ.

ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತೆಲುಗು ಬಲ್ಲವನು. 1823ರ ಆಗಸ್ಟ್‌ನಲ್ಲಿ ಉದ್ದನೆಯ ವರದಿ ಕಳಿಸಿದ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆ 533. ಅದರಲ್ಲಿ ಕನ್ನಡದ್ದು 235, ತೆಲುಗಿನದ್ದು 226. ಇಂಗ್ಲಿಷಿನದ್ದು ಒಂದೇ ಒಂದು! ಓದೋ ಮಕ್ಕಳು ಒಟ್ಟು 6,641. ಅಂದ್ರೆ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಈಗಿನ ಒಂದು ಟ್ಯೂಷನ್‌ನಷ್ಟು ದೊಡ್ಡದು ಆಗಿನ ಶಾಲೆ.

ಕ್ಯಾಂಪ್‌ಬೆಲ್ ಬರೆದಿರೋ ವಿವರ ಓದ್ತಾ ನನಗೆ ಪುಸ್ತಕ ಕೆಳಗಿಡೋಕೆ ಆಗಲಿಲ್ಲ. ಮಗುವಿಗೆ ಐದು ವರ್ಷ ತುಂಬಿದಾಗ ಐಗಳೂ ಅವರ ಶಿಷ್ಯರೂ ಎಲ್ಲರೂ ಮಗುವಿನ ಮನೆಗೇ ಬರ್ತಿದ್ದರು. ಗಣಪತಿಯ ಮುಂದೆ ಸುತ್ತ ಕೂತು ಪೂಜೆ. ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸ್ತಿದ್ದರು. ಅಂದ್ರೆ ಮೊದಲ ದಿನ ಮಗು ಶಾಲೆಗೆ ಹೋಗ್ತಿರಲಿಲ್ಲ, ಶಾಲೆಯೇ ಮನೆಗೆ ಬರ್ತಿತ್ತು. ಆಮೇಲೆ ಮರಳಿನ ಮೇಲೆ ಬೆರಳಲ್ಲಿ ಅಕ್ಷರ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡೋದು. ಮದ್ರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ಇದೇ ಥರದ ಪದ್ಧತಿಯನ್ನ ಇಂಗ್ಲೆಂಡಿಗೆ ತಗೊಂಡು ಹೋಗಿದ್ದ, ಅಲ್ಲಿ ಅದು 'ಮದ್ರಾಸ್ ಪದ್ಧತಿ' ಅಂತ ಹೆಸರಾಯ್ತು.

ಎಲ್ಲಾ ಚೆಂದ ಅಂತ ತಿಳ್ಕೋಬೇಡಿ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದೇಟು, ನಾಲ್ಕನೆಯವನಿಗೆ ಎರಡು. ಹಾಗೇ ಏರ್ತಾ ಹೋಗೋದು. ನಮ್ಮ ಮೈಸೂರು ಸೀಮೆಯ ಕೂಲಿ ಮಠಗಳಲ್ಲೂ ಅಷ್ಟೇ. ಕೂಲಿ ಪಡೆದು ಕಲಿಸೋ ಐಗಳ ಶಾಲೆಗೆ ಹಾಗೆ ಹೆಸರು. ಮಗ್ಗಿ, ಅಮರಕೋಶ, ಜೈಮಿನಿ ಭಾರತ ಎಲ್ಲ ಬಾಯಿಪಾಠ. ತಪ್ಪಿದರೆ ಹಗ್ಗ ಹಿಡಿಸಿ ನೇತುಹಾಕೋ ಕೋದಂಡ. ಏಳು ಹತ್ತರ ವ್ಯಾನಿಗೆ ಹೆದರೋ ನಮ್ಮ ಹುಡುಗನಿಗೆ ಕೋದಂಡದ ಕಥೆ ಹೇಳಿದೆ. 'ಅಲ್ಲೂ ವಾಂತಿ ಬರ್ತಿತ್ತು ಬಿಡು' ಅಂದ.

ಈಗ ಕೆನರಾ. ಕಾರವಾರದ ಕಡೆಯಿಂದ ಮಂಗಳೂರಿನ ತನಕ ಆಗ ಒಂದೇ ಜಿಲ್ಲೆ. ಅಲ್ಲಿನ ಕಲೆಕ್ಟರ್ 1822ರ ಆಗಸ್ಟ್‌ನಲ್ಲೇ ಉತ್ತರ ಬರೆದ. ಆದರೆ ಪಟ್ಟಿ ತುಂಬಲಿಲ್ಲ! ಅವನ ಮಾತಿನ ಸಾರ ಇಷ್ಟು: ಇಲ್ಲಿ ಕಾಲೇಜುಗಳಿಲ್ಲ, ಕಾಯಂ ಶಾಲೆಗಳೂ ಇಲ್ಲ, ಅದಕ್ಕೆ ಅಂತ ನೇಮಕವಾದ ಮೇಷ್ಟ್ರುಗಳೂ ಇಲ್ಲ. ಓದು ನಡೆಯೋದು ಮನೆಗಳ ಒಳಗೆ. ಅನುಕೂಲಸ್ಥನೊಬ್ಬ ತನ್ನ ಮಕ್ಕಳಿಗೆ ಒಬ್ಬ ಕಲಿಸುವವನನ್ನ ಇಟ್ಕೋತಾನೆ, ನೆಂಟರಿಷ್ಟರ ಮಕ್ಕಳೂ ಬಂದು ಕೂರ್ತಾರೆ. ಎಲ್ಲ ಇಷ್ಟು ಖಾಸಗಿಯಾಗಿ ನಡೆಯೋವಾಗ ಪಟ್ಟಿ ತುಂಬಿ ಏನು ಪ್ರಯೋಜನ, ಸುಮ್ಮನೆ ಹೊತ್ತು ಹಾಳು.

ನಾನು ಇದನ್ನ ಓದಿ ಅಕ್ಕನಿಗೆ ರಾತ್ರಿ ಹತ್ತೂವರೆಗೆ ಫೋಟೋ ತೆಗೆದು ಕಳಿಸಿದೆ. ಒಂದು ಇಡೀ ಕನ್ನಡ ಜಿಲ್ಲೆ ಸರ್ಕಾರದ ಕಣ್ಣಿಗೆ 'ಹೋಮ್‌ಸ್ಕೂಲ್' ಆಗಿತ್ತು! ಮದ್ರಾಸು ಪಟ್ಟಣದಲ್ಲೂ ಮನೆಯಲ್ಲೇ ಕಲಿಯೋ ಮಕ್ಕಳು 26,963 ಅಂತ ಲೆಕ್ಕ ಬಂತು. ಶಾಲೆಗೆ ಹೋಗೋರ ಸುಮಾರು ಐದು ಪಟ್ಟು. ಇದರಲ್ಲಿ ಏನೋ ತಪ್ಪಿರಬೇಕು ಅಂತ ಸ್ವತಃ ಮನ್ರೋ 1826ರಲ್ಲಿ ಬರೆದರು. ಆ ಅನುಮಾನ ನನಗೂ ಇದೆ. ಆಡಿಟ್ ಮಾಡೋರು ಇಂಥ ಅಂಕಿಯ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕ್ತಾರೆ. ಆದರೆ ಅಂಕಿ ಹೆಚ್ಚುಕಮ್ಮಿ ಇದ್ದರೂ ಪದ್ಧತಿ ಸುಳ್ಳಲ್ಲ.

ಆ ಪದ್ಧತಿ ಎಷ್ಟು ಕಾಲ ಉಳೀತು ಅಂದ್ರೆ, ಸುಮಾರು ತೊಂಬತ್ತು ವರ್ಷ ಮುಂದೆ ಬಂದು ಘಟ್ಟದ ಮೇಲೆ ತೀರ್ಥಹಳ್ಳಿ ಕಡೆ ಹೋಗಿ. ಕುಪ್ಪಳಿಯ ಮನೆ. 1904ರಲ್ಲಿ ಹುಟ್ಟಿದ ಪುಟ್ಟಪ್ಪ, ಅಂದ್ರೆ ನಮ್ಮ ಕುವೆಂಪು, ಮೊದಲ ಅಕ್ಷರ ಕಲಿತಿದ್ದು ಶಾಲೆಯಲ್ಲಿ ಅಲ್ಲ. ಮನೆಯವರು ದಕ್ಷಿಣ ಕನ್ನಡದಿಂದ ಒಬ್ಬ ಐಗಳನ್ನ ಕರೆಸಿ ಮನೆಯಲ್ಲೇ ಕಲಿಸಿದರು. ಆಮೇಲೆ ತೀರ್ಥಹಳ್ಳಿಯ ಶಾಲೆ, ಆಮೇಲೆ ಮೈಸೂರು. ಅದೇ ಕೆನರಾದ ಮೇಷ್ಟ್ರು ಘಟ್ಟ ಹತ್ತಿ ಬಂದು ಕಲಿಸಿದ್ದು ನೋಡಿ. ಟ್ರಿಪ್ ಹೋದಾಗ ಕುಪ್ಪಳಿಯಲ್ಲಿ ಕಂಬದ ಪಕ್ಕ ನಿಂತು ಫೋಟೋ ತಗೊಂಡಿದ್ದೆ. ಅಷ್ಟು ದೊಡ್ಡ ಮನೆ, ಅಷ್ಟು ಜನ, ಅಷ್ಟು ಗದ್ದೆ ತೋಟ. ಐಗಳನ್ನ ಇಟ್ಕೊಳ್ಳೋ ಶಕ್ತಿ ಇತ್ತು. ಆಗ ನನಗೆ ಈ ಯೋಚನೆಯೇ ಬಂದಿರಲಿಲ್ಲ.

ಈಗ ಬರುತ್ತೆ. ಯಾರ ಮನೆ?

ಕೆನರಾದ ಕಲೆಕ್ಟರ್ ಹೇಳಿದ 'ಮನೆಗಳಲ್ಲಿ ಓದು' ಅನ್ನೋ ಮಾತಿನ ಒಳಗೆ ಎಷ್ಟೋ ಮನೆಗಳು ಇಲ್ಲ. ಅಕ್ಷರ ಬಲ್ಲವರು ಒಬ್ಬರೂ ಇಲ್ಲದ ಮನೆ, ಐಗಳು ಹೊಸಿಲು ತುಳಿಯದ ಮನೆ, ಜಗಲಿ ಹತ್ತೋಕೆ ಬಿಡದ ಮಕ್ಕಳ ಮನೆ. ಅದೇ ಮಂಗಳೂರಲ್ಲಿ 1892ರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅವರ ಸ್ವಂತ ಜಾತಿಯವರೇ ಅವರನ್ನ ದೂರ ಇಟ್ಟರು. ಆ ಮಕ್ಕಳಿಗೆ ಬೇಕಾಗಿದ್ದುದು ಮನೆಯಲ್ಲ, ಮನೆಯಾಚೆ ಒಂದು ಬಾಗಿಲು.

ನಮ್ಮ ಕಡೆಯೂ ಹಾಗೇ. 1868ರಲ್ಲಿ ಮೈಸೂರಿನಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆ ಯೋಜನೆ ಬಂತು. ಶಾಸನ ಹುಡುಕಿದ ರೈಸ್, ಅವರೇ. ಪ್ರತಿ ಹೋಬಳಿಗೊಂದು ಶಾಲೆ ಅನ್ನೋ ಲೆಕ್ಕ. ನೀವು ಈಗ ರೇಷನ್ ಕಾರ್ಡಿಗೆ, ಪಹಣಿಗೆ ಅಂತ ಹೋಬಳಿ ನಾಡಕಚೇರಿಗೆ ಹೋಗ್ತೀರಲ್ಲ, ಅದೇ ಹೋಬಳಿ. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನೂ ಬಂತು, ಮೊದಲು ಆಯ್ದ ಕೆಲವು ಜಾಗಗಳಲ್ಲಿ. 'ಕಡ್ಡಾಯ' ಅನ್ನೋ ಪದ ನಮಗೀಗ ಬೇಡಿ ಹಾಕಿದ ಹಾಗೆ ಕೇಳಿಸಬಹುದು. ಅದು ಯಾರನ್ನ ಕಟ್ಟಿಹಾಕ್ತಿತ್ತು ಅಂತ ಯೋಚಿಸಿ. ಮಗುವನ್ನ ದನ ಕಾಯೋಕೆ, ತಂಗಿಯನ್ನ ಎತ್ಕೊಳ್ಳೋಕೆ ಕಳಿಸ್ತಿದ್ದ ದೊಡ್ಡವರ ಕೈಯನ್ನ.

ಇಲ್ಲಿ ಅಮ್ಮನ ಮಾತಿಗೆ ಬರ್ತೀನಿ.

ಬಳ್ಳಾರಿಯ ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು ಗೊತ್ತಾ? ಅರವತ್ತು. ಆರು ಸಾವಿರದ ಮುಂದೆ ಅರವತ್ತು. ಉಳಿದ ಹುಡುಗಿಯರೆಲ್ಲ ಮನೆಯಲ್ಲೇ ಇದ್ದರು. ಮನೆಯಲ್ಲಿ ಇರೋದೂ ಮನೆಯಲ್ಲಿ ಕಲಿಯೋದೂ ಒಂದೇ ಅಲ್ಲ.

ಕೆಲವೊಮ್ಮೆ ಅದೇ ಮನೆ ಬಾಗಿಲು ತೆರೆದಿದ್ದೂ ಉಂಟು. ನಂಜನಗೂಡು ತಿರುಮಲಾಂಬ, ಹುಟ್ಟಿದ್ದು 1887ರಲ್ಲಿ. ಚಿಕ್ಕ ವಯಸ್ಸಿಗೇ ಮದುವೆ, ಹದಿನಾಲ್ಕರ ಸುಮಾರಿಗೆ ವಿಧವೆ. ಆ ಕಾಲದಲ್ಲಿ ಆ ಹುಡುಗಿಗೆ ಒಂದು ಮೂಲೆ ಮಾತ್ರ ಉಳಿಯೋದು. ಅವರ ತಂದೆ ವೆಂಕಟಕೃಷ್ಣ ಅಯ್ಯಂಗಾರ್, ವಕೀಲರು, ಮಗಳನ್ನ ಮನೆಯಲ್ಲೇ ಓದಿಸಿದರು. 1913ರಲ್ಲಿ ಆಕೆ 'ಸತೀ ಹಿತೈಷಿಣಿ' ಗ್ರಂಥಮಾಲೆ ಶುರುಮಾಡಿದರು, 'ಸುಶೀಲೆ' ಕಾದಂಬರಿ ಬರೆದರು, ಮುಂದೆ 'ಕರ್ನಾಟಕ ನಂದಿನಿ' ಅನ್ನೋ ಪತ್ರಿಕೆಯನ್ನೂ ನಡೆಸಿದರು. ಮೈಸೂರಲ್ಲಿ ಹುಡುಗಿಯರ ಮಹಾರಾಣಿ ಶಾಲೆ 1881ರಲ್ಲೇ ಶುರುವಾಗಿತ್ತು. ಅಂದ್ರೆ 1913ರ ಅದೇ ವರ್ಷದಲ್ಲಿ ಒಂದು ಕಡೆ ಸರ್ಕಾರ ಕಡ್ಡಾಯ ಶಾಲೆಯ ಕಾನೂನು ಮಾಡ್ತಿದೆ, ಇನ್ನೊಂದು ಕಡೆ ಮನೆಯಲ್ಲೇ ಕಲಿತ ಒಬ್ಬ ಹೆಣ್ಣುಮಗಳು ಪುಸ್ತಕ ಪ್ರಕಟಿಸ್ತಿದ್ದಾರೆ. ಎರಡೂ ಬೇಕಾಗಿತ್ತು.

ನಮ್ಮಮ್ಮನಿಗೆ ಎರಡೂ ಸಿಗಲಿಲ್ಲ. ಏಳನೇ ಕ್ಲಾಸ್ ಪಾಸಾದ ಮೇಲೆ ಮುಂದಿನ ಶಾಲೆ ದೂರ ಅಂತ ನಿಲ್ಲಿಸಿದರು. ಮಾವಂದಿರು ಇಬ್ಬರೂ ಓದಿದರು. 'ಮನೇಲೇ ಓದ್ಕೋ' ಅಂತ ಅಮ್ಮನಿಗೂ ಹೇಳಿದ್ದರಂತೆ, ಯಾರು ಕಲಿಸೋದು ಅಂತ ಹೇಳಲಿಲ್ಲ. ಅಮ್ಮ ಇದನ್ನ ಅಕ್ಕನಿಗೆ ಹೇಳಿದ್ದು ಜಗಳದ ಎರಡನೇ ವಾರ, ಹುರುಳಿಕಾಯಿ ಸೋಸ್ತಾ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, 'ಅಮ್ಮ, ನಿನ್ನನ್ನ ಬಿಡಿಸಿದ್ದು ಅವರಿಗೆ ಅನುಕೂಲ ಅಂತ. ನಾನು ಬಿಡಿಸ್ತಿರೋದು ಇವನಿಗೆ ಅಂತ' ಅಂದಳು. ಅಮ್ಮ ಒಪ್ಪಿದರು ಅಂತ ನಾನು ಹೇಳಲ್ಲ. 'ಒಂದು ವರ್ಷ ನೋಡು' ಅಂದ್ರು.

ಸರಿ, ಹತ್ತಿರದ ಕಾಲಕ್ಕೆ ಬರೋಣ. ಶಾಲೆಗಳು ಸಾಕಷ್ಟು ಇದ್ದ ಮೇಲೂ, ಓದಿದವರೇ ಬೇಕಂತಲೇ ಮಕ್ಕಳನ್ನ ಮನೆಯಲ್ಲಿ ಬೆಳೆಸಿದ ಉದಾಹರಣೆ ನಮ್ಮಲ್ಲಿದೆಯಾ? ಇದೆ, ಅದೂ ಹಳೆಯ ಕೆನರಾದಲ್ಲೇ. ಪುತ್ತೂರಿನ ಬಾಲವನ. ಶಿವರಾಮ ಕಾರಂತರು ಸ್ವತಃ ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಹೋದವರು. ಶಾಲೆಗಳ ಬಗ್ಗೆ ಅವರಿಗೆ ಸಿಟ್ಟಿತ್ತು, ಆದರೆ ಬರೀ ಸಿಟ್ಟು ಮಾಡ್ಕೊಂಡು ಕೂರಲಿಲ್ಲ. ಮಕ್ಕಳಿಗೆ ಕನ್ನಡದಲ್ಲಿ ಓದೋಕೆ ಏನಿದೆ ಅಂತ ನೋಡಿ, ಇಲ್ಲ ಅಂತ ಗೊತ್ತಾದಾಗ ಮೂರು ಸಂಪುಟದ 'ಬಾಲ ಪ್ರಪಂಚ'ವನ್ನ ತಾವೇ ಬರೆದರು. ಅವರ ಮಗ ಉಲ್ಲಾಸ ಕಾರಂತರು ಬಾಲ್ಯದ ಹಲವು ವರ್ಷ ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವರು. ಮುಂದೆ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದರು, ಆಮೇಲೆ ಹುಲಿಗಳನ್ನ ಲೆಕ್ಕ ಹಾಕೋ ವಿಜ್ಞಾನಕ್ಕೆ ಜಗತ್ತಿನಲ್ಲೇ ಹೆಸರಾದರು. ಅವರೂ ಅವರ ಸಹೋದರಿಯರು ಮಾಳವಿಕಾ, ಕ್ಷಮಾ ಅವರೂ ಸೇರಿ ಬರೆದ ಅಪ್ಪ ಅಮ್ಮನ ನೆನಪಿನ ಪುಸ್ತಕ 'ಗ್ರೋಯಿಂಗ್ ಅಪ್ ಕಾರಂತ್' 2021ರಲ್ಲಿ ಬಂತು. ಅಕ್ಕ ಈ ಹೆಸರನ್ನ ಅಸ್ತ್ರದ ಹಾಗೆ ಬಳಸ್ತಾಳೆ. ನಾನು ನೆನಪಿಸ್ತೀನಿ: ಆ ಮನೇಲಿ ಪುಸ್ತಕಗಳಿದ್ದವು, ಯಕ್ಷಗಾನ ಇತ್ತು, ಸುತ್ತ ಕಾಡಿತ್ತು, ಜೊತೆಗೆ ಲೀಲಾ ಕಾರಂತರಿದ್ದರು. ಕಾರಂತರು ಊರೂರು ತಿರುಗೋವಾಗ ಮನೆ ನಡೆಸ್ತಿದ್ದವರು ಯಾರು ಅಂತ ಕೇಳಿದ್ರೆ ಅಕ್ಕನೂ ನಗ್ತಾಳೆ.

ಇನ್ನು ನಾವೇ ಕಣ್ಣಾರೆ ನೋಡಿದ್ದು, 2020. ಮಾರ್ಚಲ್ಲಿ ಶಾಲೆಗಳಿಗೆ ಬೀಗ. ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ಅಂತ ಶುರುಮಾಡಿ ಮೇಷ್ಟ್ರುಗಳನ್ನೇ ಮಕ್ಕಳ ಬೀದಿಗೆ ಕಳಿಸ್ತು. ನಾನಾಗ ಡಿಗ್ರಿ ಮುಗಿಸಿ, ಕೆಲಸ ಇಲ್ಲದೆ ಮನೇಲಿದ್ದೆ. ದೇವಸ್ಥಾನದ ಜಗಲಿ ಮೇಲೆ ಹನ್ನೆರಡೋ ಹದಿಮೂರೋ ಮಕ್ಕಳು ದೂರ ದೂರ ಕೂತಿದ್ದರು, ಮೇಡಂ ಗೋಡೆಗೆ ಚಾರ್ಟು ನೇತುಹಾಕಿ ಪಾಠ ಮಾಡ್ತಿದ್ದರು. ಬಳ್ಳಾರಿಯ ಲೆಕ್ಕವೇ, ಶಾಲೆಗೆ ಹನ್ನೆರಡು! ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಆಮೇಲೆ ಮೊಬೈಲ್ ಇದ್ದ ಮನೆಯ ಮಕ್ಕಳು ಕಲಿತರು, ಇಲ್ಲದ ಮನೆಯ ಮಕ್ಕಳು ಅಪ್ಪ ಅಮ್ಮನ ಜೊತೆ ಕೆಲಸಕ್ಕೆ ಹೋದರು. ಎಲ್ಲರಿಗೂ ಮನೆಯೇ ಶಾಲೆ ಅಂತ ಒಂದೇ ಸಲ ಹೇಳಿದ್ರೆ ಏನಾಗುತ್ತೆ ಅಂತ ಆ ವರ್ಷ ನೋಡಿದ್ವಿ.

ಹಾಗಾದ್ರೆ ನಾನು ಹೇಳೋದೇನು? ನಿಮ್ಮ ಮನೇಲಿ, ಇಲ್ಲಾ ಅಕ್ಕ ಅಣ್ಣಂದಿರ ಮನೇಲಿ, ಒಂದು ಮಗು ಶಾಲೆಯಲ್ಲಿ ಬಾಡ್ತಿದ್ರೆ ಈ ದಾರಿಯನ್ನ ಯೋಚನೆ ಮಾಡಿ. ಹೊಸ ಹುಚ್ಚು ಅಂತ ತಳ್ಳಿಹಾಕಬೇಡಿ. ಆದರೆ ಮೊದಲು ಲೆಕ್ಕ ಹಾಕಿ.

ನಮ್ಮ ಮನೆಯ ಲೆಕ್ಕ ಹೇಳ್ತೀನಿ. ಶಾಲೆಯ ಫೀಸು, ವ್ಯಾನು, ಯೂನಿಫಾರಂ ಸೇರಿ ವರ್ಷಕ್ಕೆ 78,000 ಉಳೀತು. ಎಲ್ಲರೂ ಇಲ್ಲಿಗೇ ನಿಲ್ಲಿಸಿ 'ಅಗ್ಗ' ಅಂತಾರೆ. ಅಕ್ಕ ತಿಂಗಳಿಗೆ 18,000 ಬರೋ ಅಕೌಂಟ್ಸ್ ಕೆಲಸ ಬಿಟ್ಟಳು. ಅಂದ್ರೆ ವರ್ಷಕ್ಕೆ 2,16,000. ಕಾಮರ್ಸ್‌ನಲ್ಲಿ ಇದಕ್ಕೆ ಅವಕಾಶ ವೆಚ್ಚ ಅಂತೀವಿ, ಒಂದನ್ನ ಆರಿಸ್ಕೊಂಡಾಗ ಕೈಬಿಟ್ಟಿದ್ದರ ಬೆಲೆ. ಈಗ ಮನೆಯಿಂದಲೇ ನಾಲ್ಕೈದು ಅಂಗಡಿಗಳ ಜಿಎಸ್‌ಟಿ ಫೈಲ್ ಮಾಡ್ತಾಳೆ, ಸ್ವಲ್ಪ ತುಂಬುತ್ತೆ, ಪೂರ್ತಿ ಅಲ್ಲ. ಕುಪ್ಪಳಿಯವರು ಐಗಳಿಗೆ ಸಂಬಳ ಕೊಟ್ಟರು. ಈಗಿನ ಬಹಳ ಮನೆಗಳಲ್ಲಿ ಐಗಳು ಅಂದ್ರೆ ಅಮ್ಮಂದಿರು, ಸಂಬಳ ಇಲ್ಲದ ಐಗಳು. ಮನೆಯಲ್ಲಿ ಕಲಿಸೋಣ ಅಂತ ಗಂಡಸರು ಉತ್ಸಾಹದಿಂದ ಹೇಳಿದಾಗ 'ಯಾರು ಕಲಿಸೋದು' ಅಂತ ಅಲ್ಲೇ ಕೇಳಿ.

ಕಾನೂನು: 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್, ಆರರಿಂದ ಹದಿನಾಲ್ಕು ವರ್ಷದ ಮಗುವನ್ನ ನೆರೆಯ ಶಾಲೆಗೆ ಸೇರಿಸೋದು ತಂದೆತಾಯಿಯ ಕರ್ತವ್ಯ ಅನ್ನುತ್ತೆ. ಸೇರಿಸದಿದ್ರೆ ತಂದೆತಾಯಿಗೆ ಇಂಥ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಬರೆದಿಲ್ಲ. ಹೋಮ್‌ಸ್ಕೂಲಿಂಗ್ ಅನ್ನೋ ಪದವೂ ಅದರಲ್ಲಿಲ್ಲ. 2012ರಲ್ಲಿ ದೆಹಲಿ ಹೈಕೋರ್ಟಿನ ಒಂದು ಕೇಸಿನಲ್ಲಿ ಕೇಂದ್ರ ಸರ್ಕಾರ ಮೊದಲು 'ಮನೆಯಲ್ಲಿ ಕಲಿಸಿದ್ರೆ ಕಾಯ್ದೆ ಅಡ್ಡ ಬರಲ್ಲ' ಅಂತ ಹೇಳಿ, ಆಮೇಲೆ ಆ ಮಾತನ್ನ ವಾಪಸ್ ತಗೊಂಡಿತ್ತು. ಅಂದ್ರೆ ಬಾಗಿಲು ಅರ್ಧ ತೆರೆದೇ ಇದೆ. ಪರೀಕ್ಷೆಗೆ ಎನ್‌ಐಒಎಸ್ ಇದೆ, ಕೇಂದ್ರ ಸರ್ಕಾರದ್ದೇ ಮುಕ್ತ ಶಾಲೆ. ಮೂರು, ಐದು, ಎಂಟನೇ ತರಗತಿಗೆ ಸಮಾನವಾದ ಮಟ್ಟಗಳಿವೆ, ಹದಿನಾಲ್ಕು ತುಂಬಿದ ಮೇಲೆ ಹತ್ತನೇ ತರಗತಿಯದ್ದು. ಹೇಳಿದೋರ ಮಾತು ಕೇಳಿ ಮಾಡಬೇಡಿ, ಅವರ ವೆಬ್‌ಸೈಟಲ್ಲೇ ನೋಡಿ.

ನವೆಂಬರ್‌ನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಶಾಲೆ ಬಿಟ್ಟ ಮಕ್ಕಳ ಪಟ್ಟಿ ಹಿಡ್ಕೊಂಡು ಮನೆಗೆ ಬಂದ್ರು. ಅಕ್ಕನಿಗೆ ಎದೆ ಡವಡವ. ಅವರು ಹುಡುಗನ ಪುಸ್ತಕ ತೆಗೆಸಿ ನೋಡಿದ್ರು, ಕನ್ನಡ ಓದಿಸಿದ್ರು, ಅಮ್ಮ ಅಳತೆಗೆ ಇಟ್ಟಿದ್ದ ಸೇರು ಪಾವು ಹಿಡಿದು ಭಿನ್ನರಾಶಿ ಕೇಳಿದ್ರು. ನಾಲ್ಕು ಪಾವು ಒಂದು ಸೇರು, ಅರ್ಧ ಸೇರಿಗೆ ಎಷ್ಟು ಪಾವು ಅಂತ. ಅದು ಅವನಿಗೆ ಅಜ್ಜಿ ರಾಗಿ ಅಳೆಯೋವಾಗಲೇ ಬರ್ತಿತ್ತು. ಕಾಫಿ ಕುಡಿದು ಮೇಷ್ಟ್ರು ಹೇಳಿದ್ರು: 'ಕಲೀತಿದ್ದಾನಮ್ಮ, ಚೆನ್ನಾಗೇ ಕಲೀತಿದ್ದಾನೆ. ಆಟಕ್ಕೆ ಯಾರಿದಾರೆ?' ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ. 'ನಮ್ಮ ಶಾಲೆ ನಡ್ಕೊಂಡು ಹೋಗೋ ದೂರ. ವ್ಯಾನಿಲ್ಲ. ಜೂನ್‌ಗೆ ಒಂದ್ಸಲ ಕರ್ಕೊಂಡು ಬನ್ನಿ, ಅವನೇ ನೋಡಲಿ' ಅಂದ್ರು. ಅಲ್ಲೀತನಕ ಸಂಜೆ ನಾಲ್ಕೂವರೆಗೆ ಶಾಲೆಯ ಮೈದಾನಕ್ಕೆ ಬಂದು ಆಡಬಹುದು ಅಂತಾನೂ ಹೇಳಿ ಹೋದ್ರು. ಈಗ ದಿನಾ ಹೋಗ್ತಾನೆ. ಮಂಡಿ ತರಚ್ಕೊಂಡು ಬರ್ತಾನೆ.

ಜೂನ್‌ನಲ್ಲಿ ಏನಾಗುತ್ತೋ ಇನ್ನೂ ತೀರ್ಮಾನ ಆಗಿಲ್ಲ. ಅಮ್ಮ ಶಾಲೆ ಅಂತಾರೆ, ಅಕ್ಕ ಇನ್ನೊಂದು ವರ್ಷ ಅಂತಾಳೆ, ಭಾವ ಶಿಫ್ಟು ನೋಡ್ಕೊಂಡು ಎರಡೂ ಕಡೆ ತಲೆ ಆಡಿಸ್ತಾರೆ. ನೀವು ಮನೇಲಿ ಕಲಿತವರಾಗಿದ್ರೆ, ಕಲಿಸ್ತಿದ್ರೆ, ಇಲ್ಲಾ ಮನೇಲಿ ಕೂರಿಸಲ್ಪಟ್ಟವರಾಗಿದ್ರೆ, ಒಂದು ವಾಯ್ಸ್ ಮೆಸೇಜ್ ಕಳಿಸಿ. ನಾನು ಎದ್ದೇಳಬೇಕು. ಅಕ್ಕ ಬಾಗಿಲು ಬಡೀತಿದ್ದಾಳೆ, ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದಾನಂತೆ, ಬುಧವಾರ ಲೆಕ್ಕದ ಪಾಳಿ ನಂದು.